ಗೂಟಕ್ಕೆ ಕಟ್ಟಿದ ಟ್ಯಾಬ್: ಮನೆಯಲ್ಲೇ ಕಲಿಯುವ ಎಳೆಯ ಮಕ್ಕಳಿಗೆ

ಡಬ್ಬಿಯಿಂದ ಆಗಷ್ಟೇ ತೆಗೆದ ಟ್ಯಾಬ್ ದೊಡ್ಡವರಿಗಾಗಿ ತಯಾರಾದ ವಸ್ತು. ಅದರೊಳಗೆ ಅಂಗಡಿ ಇದೆ, ಟಿವಿ ಇದೆ, ಮಾತುಮಾತಿಗೂ ಟಿಣ್ ಅನ್ನುವ ನೋಟಿಫಿಕೇಶನ್ ಇದೆ. ಐದು ವರ್ಷದ ಮಗುವಿನ ಕೈಗೆ ಅದನ್ನು ಹಾಗೇ ಕೊಟ್ಟು ‘ಅಕ್ಷರ ಕಲಿ ಪುಟ್ಟ’ ಅನ್ನುವುದೂ ಒಂದೇ, ಕಬ್ಬಿನ ಗದ್ದೆಗೆ ಹಸು ಬಿಟ್ಟು ‘ಬದುವಿನ ಹುಲ್ಲು ಮಾತ್ರ ಮೇಯಿ’ ಅನ್ನುವುದೂ ಒಂದೇ. ತಪ್ಪು ಹಸುವಿನದಲ್ಲ. ಗೂಟ ಹೊಡೆದಿಲ್ಲ, ಹಗ್ಗದ ಉದ್ದ ನೋಡಿಲ್ಲ, ಅಷ್ಟೇ.

ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿರುವವರಿಗಾಗಿ ಈ ಬರಹ. ‘ಮನೆಪಾಠ’ ಅಂದರೆ ಮೈಸೂರು, ಮಂಡ್ಯದ ಕಡೆ ಟ್ಯೂಷನ್ ಅಂತಲೇ ಅರ್ಥ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ, ಹೋಮ್‌ಸ್ಕೂಲಿಂಗ್ ಬಗ್ಗೆ. ಈ ವಯಸ್ಸಿಗೆ ಟ್ಯಾಬ್ ಹೆಚ್ಚು ಕೆಲಸಕ್ಕೆ ಬರುವುದು ಪಾಠ ತೋರಿಸುವ ಪೆಟ್ಟಿಗೆಯಾಗಿ ಅಲ್ಲ. ಮಗು ಮಾಡಿದ್ದನ್ನು, ಹೇಳಿದ್ದನ್ನು ಹಿಡಿದಿಡುವ ಕ್ಯಾಮೆರಾ ಆಗಿ, ಧ್ವನಿ ಮುದ್ರಿಸುವ ಯಂತ್ರವಾಗಿ. ಆ್ಯಪ್‌ಗಳ ಉದ್ದ ಪಟ್ಟಿ ಹಿಡಿದು ಹೊರಟವರು ಮೊದಲು ಎಡವುವುದು ಇಲ್ಲೇ.

ಎಷ್ಟು ಹೊತ್ತು?

ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನು ಬೇಡವೇ ಬೇಡ. ಎರಡರಿಂದ ಐದು ವರ್ಷದವರಿಗೆ ದೊಡ್ಡವರು ಜೊತೆಗಿದ್ದು ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಐದರಿಂದ ಹತ್ತರವರೆಗೆ 2 ಗಂಟೆಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಎರಡರಿಂದ ನಾಲ್ಕು ವರ್ಷದವರಿಗೆ 1 ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದಷ್ಟೂ ಒಳ್ಳೆಯದು. ಕೊರೋನಾ ಕಾಲದಲ್ಲಿ, 2020ರ ಜುಲೈನಲ್ಲಿ, ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ‘ಪ್ರಜ್ಞಾತಾ’ ಎಂಬ ಆನ್‌ಲೈನ್ ಪಾಠದ ಮಾರ್ಗಸೂಚಿ ಶಾಲಾಪೂರ್ವ ಮಕ್ಕಳಿಗೆ 30 ನಿಮಿಷದ ಮಿತಿ ಹಾಕಿತು. 1ರಿಂದ 8ನೇ ತರಗತಿಯವರಿಗೆ 30ರಿಂದ 45 ನಿಮಿಷದ ಎರಡು ಅವಧಿ ಸಾಕು ಅಂದಿತು.

ಮೊದಲೆರಡು ಲೆಕ್ಕ ದಿನದ ಎಲ್ಲ ಸ್ಕ್ರೀನಿಗೂ ಸೇರಿದ್ದು ಅನ್ನುವುದನ್ನು ಮರೆಯುವವರೇ ಹೆಚ್ಚು. ಊಟ ಮಾಡಿಸುವಾಗ ಅಜ್ಜಿ ಕೊಡುವ ಫೋನು, ಸಂಜೆಯ ಕಾರ್ಟೂನು ಎಲ್ಲವೂ ಅದರೊಳಗೇ ಬರಬೇಕು. ಅದಕ್ಕೇ ಕಲಿಕೆಗೆಂದು ನಾಲ್ಕೈದು ವರ್ಷದವರಿಗೆ ದಿನಕ್ಕೆ 20 ನಿಮಿಷ, ಆರರಿಂದ ಎಂಟರವರಿಗೆ 20 ನಿಮಿಷದ ಎರಡು ಪಾಳಿ ಇಟ್ಟುಕೊಂಡರೆ ಧಾರಾಳವಾಯಿತು. ಮನೆಯಲ್ಲಿ ಒಂದೇ ಮಗುವಿಗೆ ಒಬ್ಬರೇ ಕೂತು ಹೇಳಿಕೊಡುವಾಗ ಶಾಲೆಯಷ್ಟು ಹೊತ್ತು ಬೇಕಾಗುವುದೂ ಇಲ್ಲ.

ಸ್ಕ್ರೀನು ಕಣ್ಣಿನಿಂದ ಕನಿಷ್ಠ ಒಂದಡಿ, ಸಾಧ್ಯವಾದರೆ ಒಂದೂವರೆ ಅಡಿ ದೂರವಿರಲಿ. ಮಲಗಿಕೊಂಡು ನೋಡುವುದು ಬೇಡ. ಮಲಗಿದಾಗ ಅದು ತಾನಾಗಿಯೇ ಮೂಗಿನ ಹತ್ತಿರ ಬರುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಗಾಜಿನಲ್ಲಿ ಬೆಳಕು ಹೊಳೆದು ಮಗು ಬ್ರೈಟ್‌ನೆಸ್ ಏರಿಸುತ್ತಾ ಹೋಗುತ್ತದೆ, ಕಿಟಕಿ ಪಕ್ಕಕ್ಕಿರಲಿ. ಮಲಗುವ ಒಂದು ಗಂಟೆ ಮೊದಲೇ ಟ್ಯಾಬ್ ಬೀರುವಿಗೆ ಹೋಗಲಿ. ಎಳೆಯ ಕಣ್ಣಿಗೆ ದೂರದೃಷ್ಟಿ ಕೆಡದಂತೆ ಕಾಯುವುದರಲ್ಲಿ ಬಯಲ ಬೆಳಕಿನ ಪಾಲು ದೊಡ್ಡದು. ಹಾಗಾಗಿ ಬೆಳಗಿನ ಹೊತ್ತು ಅಂಗಳಕ್ಕೆ, ಟ್ಯಾಬ್ ಆಮೇಲಕ್ಕೆ ಅನ್ನುವ ಏರ್ಪಾಡು ಒಳ್ಳೆಯದು.

ಕೊಳ್ಳುವಾಗ

ಅಳತೆ 10ರಿಂದ 11 ಇಂಚು. 7–8 ಇಂಚಿನದು ಅಗ್ಗ, ಹಗುರ, ಮಗುವಿನ ಕೈಗೂ ಒಗ್ಗುತ್ತದೆ. ಆದರೆ ಕನ್ನಡ ಓದುವುದಕ್ಕೆ ಸಾಲದು. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಒತ್ತಕ್ಷರಗಳಂತೂ ಗೆರೆಯ ಕೆಳಗೆ ಪುಟ್ಟದಾಗಿ ಕೂರುವಂಥವು. ದೊಡ್ಡವರು ಅಂದಾಜಿನಲ್ಲಿ ಓದಿಬಿಡುತ್ತೇವೆ. ಈಗಷ್ಟೇ ಕಲಿಯುವ ಮಗು ಆ ಸೀಳನ್ನು ನಿಜವಾಗಿ ಕಾಣಬೇಕು.

ರ‍್ಯಾಮ್ 4 ಜಿಬಿ, ಸಂಗ್ರಹ 64 ಜಿಬಿ ಕನಿಷ್ಠ. 64ರಲ್ಲಿ 15–20 ಜಿಬಿ ಆಂಡ್ರಾಯ್ಡ್ ತಾನೇ ನುಂಗುತ್ತದೆ. ಮೆಮೊರಿ ಕಾರ್ಡು ಹಾಕುವ ಜಾಗವಿದ್ದರೆ ನಿಶ್ಚಿಂತೆ. ಸಿಮ್ ಹಾಕುವ ಮಾದರಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ವೈಫೈ ಮಾತ್ರ ಇರುವುದನ್ನು ತಂದು, ಬೇಕಾದಾಗ ಫೋನಿನ ಹಾಟ್‌ಸ್ಪಾಟ್ ಕೊಟ್ಟರಾಯಿತು. ನೆಟ್ಟಿನ ನಲ್ಲಿ ನಿಮ್ಮ ಕೈಯಲ್ಲೇ ಉಳಿಯುತ್ತದೆ ಅನ್ನುವುದೇ ಅದರ ಲಾಭ. ಇಂಥ ಟ್ಯಾಬ್‌ಗೆ 12ರಿಂದ 20 ಸಾವಿರ ರೂಪಾಯಿ ಆಗಬಹುದು. ಜೊತೆಗೆ ಹಿಡಿಯಿರುವ ದಪ್ಪ ಸ್ಪಂಜಿನ ಕವಚ, ಹೊಳೆಯದ ಬಗೆಯ ಸ್ಕ್ರೀನ್ ಗಾರ್ಡು. ಇವೆರಡೇ ಸಾಕು. ದುಬಾರಿ ಪೆನ್ನು, ಕೀಬೋರ್ಡು ಈ ವಯಸ್ಸಿಗೆ ಬೇಕಿಲ್ಲ.

ಮನೆಯಲ್ಲಿರುವ ಹಳೇ ಟ್ಯಾಬನ್ನೇ ಕೊಡುವುದಾದರೆ ಅದನ್ನು ಚಪ್ಪಟೆ ಮೇಜಿನ ಮೇಲೆ ಬೋರಲು ಹಾಕಿ ನೋಡಿ. ಅಲ್ಲಾಡಿದರೆ, ಬೆನ್ನು ಉಬ್ಬಿದ್ದರೆ, ಸ್ಕ್ರೀನಿನ ಅಂಚು ಎದ್ದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿದೆ ಅಂತ. ಅಂಥದ್ದನ್ನು ಚಾರ್ಜಿಗೂ ಹಾಕಬೇಡಿ, ಮಗುವಿಗೂ ಕೊಡಬೇಡಿ.

ಗೂಟ ಹೊಡೆಯುವುದು

ಮೊದಲ ದಿನ ಮಗು ಮಲಗಿದ ಮೇಲೆ ಒಂದು ಗಂಟೆ ಇದಕ್ಕೆ ಮೀಸಲಿಡಿ. ಮಗುವಿನ ಟ್ಯಾಬನ್ನು ನಿಮ್ಮ ಫೋನಿನಿಂದ ಹಿಡಿತದಲ್ಲಿಡುವ ಗೂಗಲ್ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ಮಗುವಿಗೆ ಬೇರೆಯದೇ ಖಾತೆ ತೆರೆದು ಟ್ಯಾಬ್‌ನಲ್ಲಿ ಅದನ್ನೇ ಹಾಕಿ. ನಿಮ್ಮ ಖಾತೆ ಅದರಲ್ಲಿದ್ದರೆ ನಿಮ್ಮ ಇಮೇಲು, ಫೋಟೊ, ಕೊನೆಗೆ ಆ್ಯಪ್ ಅಂಗಡಿಯಲ್ಲಿ ಕೊಟ್ಟ ಬ್ಯಾಂಕ್ ಕಾರ್ಡು ಕೂಡ ಮಗುವಿನ ಬೆರಳಿನಡಿಗೆ ಬರುತ್ತವೆ. ಫ್ಯಾಮಿಲಿ ಲಿಂಕ್‌ನಲ್ಲಿ ದಿನದ ಮಿತಿ, ಮಲಗುವ ಹೊತ್ತು, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಈ ಮೂರನ್ನೂ ಕಟ್ಟಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆಮೇಲೆ ಮೊದಲ ಪುಟದಲ್ಲಿ ಆರಕ್ಕಿಂತ ಹೆಚ್ಚು ಚಿತ್ರ ಉಳಿಯದಂತೆ ಬಾಕಿಯದನ್ನೆಲ್ಲ ತೆಗೆದುಹಾಕಿ. ಉಳಿಯಬೇಕಾದವು: ಕ್ಯಾಮೆರಾ, ಗ್ಯಾಲರಿ, ಧ್ವನಿ ಮುದ್ರಕ, ಕತೆಪುಸ್ತಕದ ಫೋಲ್ಡರು, ಲೆಕ್ಕದ ಒಂದು ಆ್ಯಪ್, ಚಿತ್ರ ಬಿಡಿಸುವ ಒಂದು ಆ್ಯಪ್.

ಗೂಟ ಅನ್ನಬಹುದಾದ ನಿಜವಾದ ಸೌಲಭ್ಯದ ಹೆಸರೇ ‘ಆ್ಯಪ್ ಪಿನ್ನಿಂಗ್’. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಇರುತ್ತದೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುವುದರಿಂದ ಮೇಲಿನ ಹುಡುಕುವ ಪಟ್ಟಿಯಲ್ಲಿ ‘ಪಿನ್’ ಅಂತ ಬರೆದರೆ ಬೇಗ ಸಿಗುತ್ತದೆ. ಆನ್ ಮಾಡಿ, ಬಿಡಿಸುವಾಗ ಪಿನ್ ನಂಬರು ಕೇಳಬೇಕು ಅನ್ನುವುದನ್ನೂ ಆನ್ ಮಾಡಿ. ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಸಾಲಿಗೆ ಹೋಗಿ, ಅದರ ನೆತ್ತಿಯ ಮೇಲಿನ ಗುರುತನ್ನು ಒತ್ತಿದರೆ ‘ಪಿನ್’ ಅಂತ ಬರುತ್ತದೆ. ಅಲ್ಲಿಂದಾಚೆಗೆ ಮಗು ಎಲ್ಲಿ ಒತ್ತಿದರೂ ಆ ಆ್ಯಪ್ ಬಿಟ್ಟು ಹೊರಗೆ ಬರಲಾಗದು. ಐಪ್ಯಾಡ್‌ನಲ್ಲಿ ಇದರ ಹೆಸರು ಗೈಡೆಡ್ ಆಕ್ಸೆಸ್. ಆಕ್ಸೆಸಿಬಿಲಿಟಿ ಭಾಗದಲ್ಲಿದೆ, ಬಟನ್ನನ್ನು ಮೂರು ಸಲ ಒತ್ತಿದರೆ ಶುರು. ಸ್ಕ್ರೀನಿನ ಯಾವ ಜಾಗ ಬೇಡವೋ ಅದರ ಸುತ್ತ ಬೆರಳಿನಿಂದ ಗೆರೆ ಎಳೆದರೆ ಆ ಜಾಗವೇ ಸತ್ತುಹೋಗುತ್ತದೆ. ಜಾಹೀರಾತಿನ ಪಟ್ಟಿಗೆ ಇದು ಒಳ್ಳೆಯ ಮದ್ದು.

ಪಿನ್ ನಂಬರು ಮಗುವಿನ ಹುಟ್ಟಿದ ದಿನವಾಗಿರಬಾರದು. ನಂಬರು ಗೊತ್ತಿಲ್ಲದಿದ್ದರೂ ಬೆರಳು ಓಡಿದ ದಾರಿ ನೋಡಿಯೇ ಆರು ವರ್ಷದವರು ಬೀಗ ತೆಗೆಯುತ್ತಾರೆ. ಗೆರೆ ಎಳೆದು ತೆಗೆಯುವ ಬೀಗವಾದರೆ ಇನ್ನೂ ಸುಲಭ: ಗಾಜಿನ ಮೇಲೆ ಎಣ್ಣೆಯ ಜಾಡು ಹಾಗೇ ಕೂತಿರುತ್ತದೆ.

ಇದೆಲ್ಲಕ್ಕಿಂತ ಸರಳವಾದ ಬೇಲಿ ಏರೋಪ್ಲೇನ್ ಮೋಡ್. ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಬೇಕಾದ ಪುಸ್ತಕ ಮತ್ತು ವಿಡಿಯೊಗಳನ್ನು ಇಳಿಸಿಟ್ಟುಕೊಳ್ಳಿ. ವಾರವಿಡೀ ನೆಟ್ ಕೊಡಬೇಡಿ. ಬಿಟ್ಟಿ ಆ್ಯಪ್‌ಗಳ ಜಾಹೀರಾತು ಬರುವುದು ನೆಟ್ಟಿನಿಂದ. ನೆಟ್ ಇಲ್ಲದಿದ್ದರೆ ಮುಕ್ಕಾಲು ಪಾಲು ಕಾಣುವುದೇ ಇಲ್ಲ. ಬ್ಯಾಟರಿಯೂ ಬಾಳುತ್ತದೆ. ಮಳವಳ್ಳಿ, ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಸಿಗ್ನಲ್ಲೋ ಕರೆಂಟೋ ಕೈಕೊಟ್ಟರೂ ಆ ದಿನದ ಪಾಠ ನಿಲ್ಲುವುದಿಲ್ಲ. 480ಪಿ ಗುಣಮಟ್ಟದ 10 ನಿಮಿಷದ ವಿಡಿಯೊಗೆ ಸುಮಾರು 50ರಿಂದ 80 ಎಂಬಿ ಆಗುತ್ತದೆ, ಅಂದರೆ ವಾರದ್ದೆಲ್ಲ ಸೇರಿ ಒಂದು ಜಿಬಿ ದಾಟದು. ಒಂದು ವಿಷಯ ನೆನಪಿರಲಿ: ನಿಮ್ಮ ಫೋನಿನಿಂದ ಫ್ಯಾಮಿಲಿ ಲಿಂಕ್‌ನಲ್ಲಿ ಮಾಡಿದ ಬದಲಾವಣೆ ಟ್ಯಾಬ್‌ಗೆ ಮುಟ್ಟುವುದು ಅದಕ್ಕೆ ಮತ್ತೆ ನೆಟ್ ಸಿಕ್ಕಾಗಲೇ.

ಏನು ಇಳಿಸಿಕೊಳ್ಳಬೇಕು? ‘ದೀಕ್ಷಾ’ ಆ್ಯಪ್‌ನಲ್ಲಿ ಕರ್ನಾಟಕ ಬೋರ್ಡು, ಕನ್ನಡ ಮಾಧ್ಯಮ, ತರಗತಿ ಆಯ್ದುಕೊಂಡರೆ ಪಠ್ಯ ಸಿಗುತ್ತದೆ. ರಾಜ್ಯದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡಿಗೆ ಕ್ಯಾಮೆರಾ ಹಿಡಿದರೂ ಅಲ್ಲಿಗೇ ಹೋಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಪುಸ್ತಕಗಳು ಓದಿನ ಹಂತಕ್ಕೆ ತಕ್ಕಂತೆ ನಾಲ್ಕು ಮಟ್ಟದಲ್ಲಿವೆ, ದುಡ್ಡಿಲ್ಲ, ಪಿಡಿಎಫ್ ಆಗಿ ಇಳಿಸಬಹುದು. ಮೊದಲ ವರ್ಷಕ್ಕೆ ಒಂದನೇ ಮಟ್ಟದ ಇಪ್ಪತ್ತು ಪುಸ್ತಕ ಬೇಕಾದಷ್ಟಾಯಿತು. ಲೆಕ್ಕಕ್ಕೆ ಜಿಕಾಂಪ್ರಿ ಅನ್ನುವ ಆ್ಯಪ್ ಇದೆ. ಜಾಹೀರಾತಿಲ್ಲ, ನೆಟ್ ಬೇಡ. ಯೂಟ್ಯೂಬ್ ಬೇಕೇ ಬೇಕು ಅನ್ನುವವರು ಯೂಟ್ಯೂಬ್ ಕಿಡ್ಸ್ ಹಾಕಿ, ನೀವು ಒಪ್ಪಿದ ವಿಡಿಯೊ ಮಾತ್ರ ಕಾಣುವ ಆಯ್ಕೆಯಲ್ಲಿಡಿ. ಆಗ ಹುಡುಕುವ ಪಟ್ಟಿಯೇ ಮಾಯವಾಗುತ್ತದೆ.

ಅಕ್ಷರ: ಗಾಜಿನ ಮೇಲೆ ಅರ್ಧ, ರಾಗಿಯ ಮೇಲೆ ಅರ್ಧ

ಕನ್ನಡ ಅಕ್ಷರದ ಆ್ಯಪ್‌ಗಳು ಬಹುಪಾಲು ಅ, ಆ, ಇ, ಈ ಅಂತಲೇ ಶುರುವಾಗುತ್ತವೆ. ವರ್ಣಮಾಲೆಯ ಅನುಕ್ರಮ ಬಾಯಿಪಾಠಕ್ಕೆ ಚಂದ, ಓದು ಕಲಿಯುವುದಕ್ಕೆ ನಿಧಾನ. ಹದಿಮೂರು ಸ್ವರ ತಿದ್ದಿ ತಿದ್ದಿ ಕಲಿತ ಮಗುವಿಗೂ ‘ಮರ’ ಅಂತ ಬರೆಯಲು ಬಾರದು.

ಇದಕ್ಕೆ ಉತ್ತರ ನಮ್ಮ ಮೈಸೂರು ಜಿಲ್ಲೆಯಲ್ಲೇ ಹುಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ ಕಲಿ’ ಬೇರೆ ದಾರಿ ಹಿಡಿಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ನಡೆಯುತ್ತಿದ್ದ, ಕಾರ್ಡುಗಳಿಂದ ಕಲಿಸುವ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಅಲ್ಲಿ ಮೊದಲ ಗುಂಪಿನ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬರೆಯಬಹುದು. ದಸರ ಅಂತಲೂ ಬರೆಯಬಹುದು, ಮೈಸೂರಿನ ಮಗುವಿಗೆ ಇನ್ನೇನು ಬೇಕು? ಎರಡನೇ ಗುಂಪು ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ. ಹತ್ತು ಅಕ್ಷರಕ್ಕೆ ಮಗು ಓದುವವನಾಗಿಬಿಡುತ್ತಾನೆ. ಹಾಗಾಗಿ ಅಕ್ಷರದ ಆ್ಯಪ್ ಇಟ್ಟುಕೊಳ್ಳುವುದಾದರೆ ಯಾವ ಅಕ್ಷರ ಬೇಕೋ ಅದನ್ನು ನೇರವಾಗಿ ಆರಿಸಲು ಬಿಡುವಂಥದ್ದನ್ನೇ ಇಡಿ. ಬೀಗ ಹಾಕಿ ಒಂದಾದ ಮೇಲೊಂದು ತೆಗೆಯುವಂಥದ್ದು ಬೇಡ.

ತಿದ್ದುವ ಆ್ಯಪ್‌ನ ದೊಡ್ಡ ಕೊರತೆ ಇನ್ನೊಂದು. ಚುಕ್ಕಿಗಳ ಮೇಲೆ ಬೆರಳು ಹಾಯಿತೋ ಇಲ್ಲವೋ ಎಂದಷ್ಟೇ ಅಂಥ ಆ್ಯಪ್ ಸಾಮಾನ್ಯವಾಗಿ ನೋಡುತ್ತದೆ. ಬೆರಳು ಎಲ್ಲಿಂದ ಹೊರಟಿತು, ಯಾವ ಕಡೆ ಸುತ್ತಿತು ಎಂದು ನೋಡುವುದಿಲ್ಲ. ತಲೆಕಟ್ಟು ಮೊದಲು ಎಳೆದು, ಸುತ್ತನ್ನು ಉಲ್ಟಾ ತಿರುಗಿಸಿದರೂ ಚಪ್ಪಾಳೆ ಹೊಡೆಯುತ್ತದೆ, ನಕ್ಷತ್ರ ಕೊಡುತ್ತದೆ. ಈ ಅಭ್ಯಾಸ ಕೈಗೆ ಹತ್ತಿತೆಂದರೆ ಮುಂದೆ ನೋಟ್‌ಬುಕ್ಕಿನಲ್ಲಿ ಬಿಡಿಸುವುದು ಕಷ್ಟ. ಜೊತೆಗೆ, ಗಾಜು ನುಣುಪು. ಬೆರಳಿಗೆ ತಡೆ ಸಿಗುವುದಿಲ್ಲ, ಒತ್ತಿದರೂ ಒತ್ತದಿದ್ದರೂ ಗೆರೆ ಒಂದೇ ದಪ್ಪ. ಪೆನ್ಸಿಲ್ ಹಿಡಿಯಲು ಬೇಕಾದ ಬಿಗಿ ಅಲ್ಲಿ ಬೆಳೆಯುವುದಿಲ್ಲ.

ಆದ್ದರಿಂದ ಒಂದು ಪಾಠವನ್ನು ಹೀಗೆ ಕಟ್ಟಿ. ಅಕ್ಷರ ‘ಸ’ ಅಂತಿಟ್ಟುಕೊಳ್ಳಿ. ಮೊದಲ ಐದು ನಿಮಿಷ ಟ್ಯಾಬ್‌ನಲ್ಲಿ ಒಂದು ಪುಟ್ಟ ಕತೆ. ನೀವು ಓದಿ, ಮಗುವಿನ ಬೆರಳು ಪದದ ಕೆಳಗೆ ಸಾಗಲಿ. ಇನ್ನೆರಡು ನಿಮಿಷ ಆ ಪುಟದಲ್ಲಿ ಎಷ್ಟು ‘ಸ’ ಇವೆ ಅಂತ ಹುಡುಕುವ ಆಟ. ಎರಡು ಬೆರಳಿನಿಂದ ಪುಟ ಹಿಗ್ಗಿಸಿ ಅಕ್ಷರವನ್ನು ಅಂಗೈಯಗಲ ಮಾಡಿ ತೋರಿಸಿ, ಇದು ಅಚ್ಚಿನ ಪುಸ್ತಕಕ್ಕೆ ಆಗದ ಕೆಲಸ. ಈಗ ಟ್ಯಾಬ್ ಬೋರಲು. ಅಗಲ ತಟ್ಟೆಯಲ್ಲಿ ಒಂದು ಪಾವು ರಾಗಿ ಹರಡಿ, ನಿಮ್ಮ ಬೆರಳು ಒಮ್ಮೆ, ಮಗುವಿನ ಬೆರಳು ಐದು ಸಲ. ರಾಗಿ ಸರಿಯುವುದು ಬೆರಳಿಗೆ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ. ತಪ್ಪಿದರೆ ತಟ್ಟೆ ಅಲ್ಲಾಡಿಸಿದರೆ ಹೊಸ ಹಾಳೆ. ಆಮೇಲೆ ಸ್ಲೇಟು, ಬಳಪ: ಮೂರಿಂಚು ಎತ್ತರದಲ್ಲಿ ಮೂರು ಸಲ. ಕೊನೆಗೆ ಟ್ಯಾಬ್ ಎತ್ತಿ, ಮಗುವೇ ತನ್ನ ಸ್ಲೇಟಿನ ಫೋಟೊ ತೆಗೆಯಲಿ, ‘ಸ, ಸರ, ಅರಸ’ ಅಂತ ಹೇಳಿ ಮುದ್ರಿಸಲಿ. ಒಟ್ಟು ಇಪ್ಪತ್ತೈದು ನಿಮಿಷ, ಸ್ಕ್ರೀನಿನ ಮುಂದೆ ಹತ್ತೇ.

ಕಿವಿಗೆ ಕನ್ನಡಿ

ಟ್ಯಾಬ್‌ನಲ್ಲಿರುವ ಆ್ಯಪ್‌ಗಳಲ್ಲೆಲ್ಲ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಧ್ವನಿ ಮುದ್ರಕ. ಮಗು ಒಂದು ಪುಟ ಓದಿ ಮುದ್ರಿಸಿ, ತಾನೇ ಕೇಳಿಸಿಕೊಂಡರೆ, ಎಲ್ಲಿ ತಡವರಿಸಿತು ಅಂತ ನೀವು ಹೇಳುವ ಮೊದಲೇ ಅದು ಹೇಳುತ್ತದೆ.

ನಮ್ಮ ಕಡೆಯ ಒಂದು ತೊಡಕಿಗೆ ಇದು ವಿಶೇಷವಾಗಿ ಒದಗುತ್ತದೆ. ಮಂಡ್ಯದ ಮನೆಮಾತಿನಲ್ಲಿ ಹಾಲು ‘ಆಲು’, ಹಣ್ಣು ‘ಅಣ್ಣು’, ಹಸು ‘ಅಸು’. ಮಾತಿನಲ್ಲಿ ಅದು ತಪ್ಪೇನೂ ಅಲ್ಲ, ಅಜ್ಜಿಯ ಮಾತು ತಿದ್ದಲು ಯಾರೂ ಹೊರಡಬೇಕಿಲ್ಲ. ಬರೆಯುವಾಗ ಮಾತ್ರ ಮಗು ಕೇಳಿದ್ದನ್ನೇ ಬರೆದು ಪೇಚಿಗೆ ಸಿಗುತ್ತದೆ. ಗೂಗಲ್‌ನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ, ಮೈಕಿನ ಗುರುತು ಒತ್ತಿ, ಒಂದು ಸಲ ‘ಹಾಲು’ ಅನ್ನಿ, ಇನ್ನೊಂದು ಸಲ ‘ಆಲು’ ಅನ್ನಿ. ಸ್ಕ್ರೀನಿನ ಮೇಲೆ ಬಂದದ್ದನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹ’ದ ಬಿಸಿ ಉಸಿರು ತಾಗುವುದನ್ನು ಗಮನಿಸಿದಾಗ, ಕಿವಿ ತಾನಾಗಿ ಚುರುಕಾಗುತ್ತದೆ. ಒಮ್ಮೊಮ್ಮೆ ಯಂತ್ರ ತನ್ನ ಜಾಣತನ ತೋರಿಸಿ ‘ಆಲು’ ಅಂದರೂ ‘ಹಾಲು’ ಅಂತ ತಿದ್ದಿಬಿಡುತ್ತದೆ. ಅದನ್ನೂ ನಗುತ್ತ ತೋರಿಸಿ. ಧ್ವನಿಯಿಂದ ಬರೆಯುವುದಕ್ಕೆ ಸಾಮಾನ್ಯವಾಗಿ ನೆಟ್ ಬೇಕು, ಆ ಐದು ನಿಮಿಷಕ್ಕೆ ಹಾಟ್‌ಸ್ಪಾಟ್ ಕೊಟ್ಟು ತೆಗೆಯಿರಿ.

ಹೆಡ್‌ಫೋನ್ ಬೇಡ. ಪಕ್ಕದಲ್ಲಿ ಕೂತವರಿಗೂ ಕೇಳಬೇಕು, ಆಗಲೇ ಮಾತು ಹುಟ್ಟುವುದು. ಮಗು ಪದೇ ಪದೇ ಸೌಂಡ್ ಏರಿಸುತ್ತಿದ್ದರೆ, ಅಥವಾ ವಯಸ್ಸಿಗೆ ತಕ್ಕ ಮಾತು ಬಾರದಿದ್ದರೆ ಆ್ಯಪ್ ಹುಡುಕಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ತೋರಿಸಿ.

ಕ್ಯಾಮೆರಾ ಹಿಡಿದು ಹೊರಗೆ

ಇದಕ್ಕೆ ಒಂದೇ ನಿಯಮ: ಐದು ಫೋಟೊ ಮಾತ್ರ. ಮಿತಿ ಇಲ್ಲದಿದ್ದರೆ ಮಗು ಇನ್ನೂರು ತೆಗೆಯುತ್ತದೆ, ಒಂದನ್ನೂ ನೋಡುವುದಿಲ್ಲ. ಐದೇ ಅಂದಾಗ ಯಾವುದು ಬೇಕು, ಯಾವುದು ಬೇಡ ಅಂತ ಯೋಚಿಸಬೇಕಾಗುತ್ತದೆ, ಪಾಠ ಅದೇ.

ಮಂಡ್ಯದ ಕಡೆಯವರಿಗೆ ಆಲೆಮನೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಬ್ಬಿನ ಹೊರೆ, ಗಾಣ, ಕುದಿಯುವ ಕೊಪ್ಪರಿಗೆ, ಪಾಕ ಹುಯ್ಯುವ ಅಚ್ಚು, ಬೆಲ್ಲ: ಐದು ಫೋಟೊ. ಕೊಪ್ಪರಿಗೆಯದನ್ನು ನೀವೇ ದೂರದಿಂದ ತೆಗೆಯಿರಿ; ಮಗು ಒಲೆಯ ಹತ್ತಿರವೂ ಗಾಣದ ಹತ್ತಿರವೂ ಹೋಗಕೂಡದು. ಮನೆಗೆ ಬಂದ ಮೇಲೆ ಫೋಟೊಗಳನ್ನು ಹಿಂದುಮುಂದು ಮಾಡಿ ತೋರಿಸಿ, ‘ಮೊದಲು ಯಾವುದು, ಆಮೇಲೆ ಯಾವುದು’ ಅಂತ ಕೇಳಿ. ಸರಿಯಾಗಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ವಾಕ್ಯ ಹೇಳಿ ಮುದ್ರಿಸಿದರೆ ಮಗುವಿನ ಮೊದಲ ಪ್ರಬಂಧ ಸಿದ್ಧ. ಆ ಐದು ವಾಕ್ಯವನ್ನು ಅದು ಹೇಳಿದ ಮಾತಿನಲ್ಲೇ ನೀವು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರೆ ಅದೇ ಮರುದಿನದ ಓದಿನ ಪಾಠ. ತಾನೇ ಹೇಳಿದ್ದಾದ್ದರಿಂದ ಓದುವುದೂ ಸಲೀಸು.

ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಕರೆದುಕೊಂಡು ಹೋಗಿ. ಹೂವಾಡಗಿತ್ತಿಯ ಮೊಳಕ್ಕೂ ಮಗುವಿನ ಮೊಳಕ್ಕೂ ಎಷ್ಟು ವ್ಯತ್ಯಾಸ? ಅದೇ ಮಾಲೆ ಅವಳ ಕೈಯಲ್ಲಿ ಎರಡು ಮೊಳ, ಮಗುವಿನ ಕೈಯಲ್ಲಿ ಮೂರೂ ಚಿಲ್ಲರೆ. ಎರಡನ್ನೂ ಫೋಟೊ ತೆಗೆದು ಅಕ್ಕಪಕ್ಕ ಇಟ್ಟರೆ ಸೆಂಟಿಮೀಟರು ಯಾಕೆ ಬೇಕಾಯಿತು ಅನ್ನುವುದು ಅಲ್ಲೇ ತಿಳಿಯುತ್ತದೆ. ಅವಳನ್ನು ಕೇಳಿಕೊಂಡು ಕೈಯ ಫೋಟೊ ಮಾತ್ರ ತೆಗೆಯಿರಿ.

ಹಕ್ಕಿಗಳ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ರಂಗನತಿಟ್ಟಿನಲ್ಲೋ ಕಾರಂಜಿ ಕೆರೆಯಲ್ಲೋ ಟ್ಯಾಬ್‌ನ ಕ್ಯಾಮೆರಾಕ್ಕೆ ದೂರದ ಹಕ್ಕಿ ಬಿಳಿ ಚುಕ್ಕಿಯಾಗಿಯೇ ಬರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರದ ಮೇಲೇ ಗೂಡು ಕಟ್ಟುವುದರಿಂದ ಅಲ್ಲಿ ಸ್ವಲ್ಪ ಪರವಾಗಿಲ್ಲ. ಉಳಿದಂತೆ ಇರುವೆ, ಎಲೆಯ ನರ, ನೆನೆಸಿಟ್ಟ ಹೆಸರುಕಾಳಿನ ಮೊಳಕೆಯಂಥ ಹತ್ತಿರದ ವಸ್ತುಗಳೇ ಸರಿ. ಹೆಸರುಕಾಳನ್ನು ಒಂದೇ ಜಾಗ, ಒಂದೇ ಹೊತ್ತಿನಲ್ಲಿ ಐದು ದಿನ ಫೋಟೊ ತೆಗೆದು ಗ್ಯಾಲರಿಯಲ್ಲಿ ಸರಸರ ಸರಿಸಿದರೆ ಮೊಳಕೆ ಬೆಳೆಯುವುದು ಸಿನಿಮಾದಂತೆ ಕಾಣುತ್ತದೆ.

ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಣಸೆ ಬೀಜ, ಚೌಕಾಬಾರ, ಹತ್ತು ಪೊರಕೆ ಕಡ್ಡಿಗೊಂದು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು, ಇವು ಮಾಡುವ ಕೆಲಸವನ್ನು ಯಾವ ಆ್ಯಪ್ ಕೂಡ ಅಷ್ಟು ಚೆನ್ನಾಗಿ ಮಾಡದು. ಆ್ಯಪ್ ಇರುವುದು ಕಲಿತದ್ದನ್ನು ಗಟ್ಟಿ ಮಾಡಲು. ಅಲ್ಲೂ ಒಂದು ಕಳ್ಳದಾರಿ ಇದೆ: ನಾಲ್ಕು ಉತ್ತರ ಕೊಟ್ಟರೆ ಮಗು ನಾಲ್ಕನ್ನೂ ಒತ್ತುತ್ತಾ ಹೋಗುತ್ತದೆ, ಯಾವುದಾದರೊಂದು ಹಸಿರಾಗಲೇಬೇಕಲ್ಲ! ತಪ್ಪಿಗೆ ಅಲ್ಲಿ ಯಾವ ನಷ್ಟವೂ ಇಲ್ಲ. ಉತ್ತರಗಳ ಮೇಲೆ ಒಂದು ರಟ್ಟು ಮುಚ್ಚಿ, ಬಾಯಲ್ಲಿ ಹೇಳಿದ ಮೇಲೆ ರಟ್ಟು ತೆಗೆಯಿರಿ.

ಎಲ್ಲಿ ಕೆಡುತ್ತದೆ, ಯಾಕೆ

‘ಬರೀತಾನೇ ಇಲ್ಲ’ ಅಂತ ಮಗು ರೇಗಿದರೆ ತಪ್ಪು ಸಾಮಾನ್ಯವಾಗಿ ಅಂಗೈಯದು. ಗಾಜಿನಡಿ ಹರಡಿರುವ ಸಣ್ಣ ವಿದ್ಯುತ್ ಕ್ಷೇತ್ರವನ್ನು ಬೆರಳು ಕದಡುವುದರಿಂದ ಸ್ಪರ್ಶ ತಿಳಿಯುತ್ತದೆ. ಅಂಗೈ ಊರಿದರೆ ಅದೂ ಕದಡುತ್ತದೆ. ಒಂದೇ ಬೆರಳು ನಿರೀಕ್ಷಿಸುವ ಆ್ಯಪ್‌ಗೆ ಎರಡು ಸ್ಪರ್ಶ ಕಂಡು ಗಲಿಬಿಲಿ. ನಾಲ್ಕು ಮಡಿಕೆ ಮಾಡಿದ ಕರ್ಚೀಫನ್ನು ಅಂಗೈ ಕೆಳಗೆ ಹಾಕಿ, ಸರಿಹೋಗುತ್ತದೆ. ಒದ್ದೆ ಬೆರಳು, ಬೆಲ್ಲದ ಬೆರಳಿಗೂ ಇದೇ ಕಾಟ. ಚಾರ್ಜಿಗೆ ಹಾಕಿದಾಗ ಮಾತ್ರ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಒತ್ತಿದಂತಾದರೆ ಟ್ಯಾಬ್ ಕೆಟ್ಟಿಲ್ಲ; ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲ ಸ್ಕ್ರೀನಿಗೆ ಹತ್ತುತ್ತಿದೆ. ಚಾರ್ಜರ್ ಬದಲಿಸಿ. ಹೇಗಿದ್ದರೂ ಚಾರ್ಜಿಗೆ ಹಾಕಿದ ಟ್ಯಾಬ್ ಮಗುವಿನ ಕೈಯಲ್ಲಿರಬಾರದು. ಹಾಸಿಗೆ, ದಿಂಬಿನ ಮೇಲಿಟ್ಟು ಚಾರ್ಜ್ ಮಾಡುವುದೂ ಬೇಡ. ಬಿಸಿ ಹೊರಹೋಗದೆ ಬ್ಯಾಟರಿ ಬೇಗ ಸಾಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ.

ಅವಧಿ ಮುಗಿದಾಗ ಬರುವ ಅಳುವಿಗೂ ಕಾರಣವಿದೆ. ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ತಾನೇ ಶುರುವಾಗುವ ಕಡೆ ‘ಮುಗಿಯಿತು’ ಅನ್ನುವ ಜಾಗವೇ ಇರುವುದಿಲ್ಲ. ನೀವು ಕಿತ್ತುಕೊಂಡಾಗ ಮಧ್ಯದಲ್ಲೇ ಕಿತ್ತುಕೊಂಡಂತೆ. ಆಟೋಪ್ಲೇ ಆಫ್ ಮಾಡಿ. ನಿಮಿಷದ ಲೆಕ್ಕ ಆ ವಯಸ್ಸಿಗೆ ತಿಳಿಯದು, ‘ಎರಡು ಕತೆ’ ಅನ್ನುವುದು ತಿಳಿಯುತ್ತದೆ. ಮುಂದಿನ ಕೆಲಸ ಕಣ್ಣೆದುರೇ ಸಿದ್ಧವಿರಲಿ: ರಾಗಿ ತಟ್ಟೆ ಪಕ್ಕದಲ್ಲಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ.

ಆ್ಯಪ್ ಹೆಸರು ಕೇಳಿದರೆ ಮನೆಯಲ್ಲಿ ಕರೆಯುವ ಅಡ್ಡಹೆಸರು ಕೊಡಿ. ಲೊಕೇಶನ್, ಕಾಂಟ್ಯಾಕ್ಟ್ ಕೇಳಿದರೆ ಬೇಡ ಅನ್ನಿ. ಅಕ್ಷರ ಕಲಿಸಲು ಅವು ಬೇಕಾಗುವುದಿಲ್ಲ.

ಕೊನೆಯದಾಗಿ ದಾಖಲೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯ. ಶಾಲೆಗೆ ಸೇರದೇ ಇದ್ದ ಮಗುವನ್ನು ಮುಂದೆ ಸೇರಿಸುವುದಾದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಅದರ 4ನೇ ಸೆಕ್ಷನ್ನು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲೂ 3, 5, 8ನೇ ತರಗತಿಗೆ ಸಮನಾದ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಎರಡರಲ್ಲಿ ಯಾವ ದಾರಿ ಹಿಡಿದರೂ ಮಗುವಿಗೆ ಏನು ಬರುತ್ತದೆ ಎಂದು ತೋರಿಸಬೇಕಾದ ದಿನ ಬರುತ್ತದೆ. ಅದಕ್ಕೆ ಟ್ಯಾಬ್‌ನಲ್ಲಿ ತಿಂಗಳಿಗೊಂದು ಫೋಲ್ಡರು ಮಾಡಿ. ಸ್ಲೇಟಿನ ನಾಲ್ಕು ಫೋಟೊ, ಓದಿನ ಎರಡು ಮುದ್ರಿಕೆ, ಕತೆ ಹೇಳಿದ್ದು ಒಂದು, ಅಷ್ಟೇ ಇಡಿ, ಉಳಿದದ್ದು ಅಳಿಸಿ. ತಿಂಗಳ ಕೊನೆಗೆ ಆ ಫೋಲ್ಡರನ್ನು ಪೆನ್‌ಡ್ರೈವಿಗೂ ಹಾಕಿಡಿ. ಟ್ಯಾಬ್ ಕೈಜಾರಿ ಸಿಮೆಂಟು ನೆಲದ ಮೇಲೆ ಬೀಳುವ ದಿನವೂ ಒಂದಿರುತ್ತದೆ.